ರೈಲು ರೂಮಿನ ಎತ್ತುವ ಸೇತುವೆ

ವೈಯಾಲಿಕಾವಲ್, ಬೆಂಗಳೂರು
೩ ಆಗಸ್ಟ್ ೨೦೨೫, ಭಾನುವಾರ ಮಧ್ಯಾಹ್ನ

ನಮ್ಮ ಮನೆಯ ಯಜಮಾನರಿಗೆ,

ಮಾಧವಿಯ ನಮಸ್ಕಾರ. ಸೊಂಟ ಹೇಗಿದೆ? ಮನೆಯೊಳಗೆ ವಾಕರ್ ಹಿಡಿದು ಹಜಾರದಿಂದ ಅಡುಗೆಮನೆಯವರೆಗೆ ಓಡಾಡುತ್ತಿದ್ದೀರಿ ಎಂದು ಕೋಕಿಲಾ ಹೇಳಿದಳು. ಸಂತೋಷ. ಮಲಗುವಾಗ ಕಾಲುಗಳ ನಡುವೆ ದಿಂಬು ಇಟ್ಟುಕೊಳ್ಳುವುದನ್ನು ಬಿಡಬೇಡಿ, ಡಾಕ್ಟರು ಹೇಳಿದ್ದು ನೆನಪಿದೆಯಲ್ಲ. ನಿಮ್ಮ ತಂಗಿಗೆ ಅಣ್ಣನ ಮೇಲೆ ಪ್ರೀತಿ ಉಕ್ಕಿದರೆ ಅದು ತುಪ್ಪವಾಗಿಯೇ ಉಕ್ಕುವುದು. ತಟ್ಟೆಗೆ ಅಡ್ಡ ಕೈ ಹಿಡಿಯುವುದನ್ನು ಕಲಿಯಿರಿ. ಮೈಸೂರಿನ ಗಾಳಿ ಒಳ್ಳೆಯದೇ ಇರಬಹುದು, ಆದರೆ ಸಂಜೆ ವರಾಂಡದಲ್ಲಿ ಬರೀ ಬನಿಯನ್ನಿನಲ್ಲಿ ಕೂರಬೇಡಿ.

ಕೈಯಲ್ಲಿ ಫೋನ್ ಇರುವಾಗ ಇವಳಿಗೆ ಕಾಗದ ಬರೆಯುವ ಹುಚ್ಚು ಯಾಕೆ ಹಿಡಿಯಿತು ಎಂದು ಹುಬ್ಬೇರಿಸಬೇಡಿ. ಫೋನ್ ಮಾಡಿದರೆ ಕೋಕಿಲಾ ಸ್ಪೀಕರ್ ಹಾಕುತ್ತಾಳೆ, ಅವಳ ಮನೆಯವರೆಲ್ಲ ಕ್ರಿಕೆಟ್ ಕಾಮೆಂಟರಿ ಕೇಳುವ ಹಾಗೆ ಸುತ್ತ ಕೂರುತ್ತಾರೆ. ನೀವು ‘ಆಯ್ತು’, ‘ಸರಿ’, ‘ನಿನ್ನಿಷ್ಟ’ ಎಂದು ಹೇಳಿ ಫೋನನ್ನು ಅವಳ ಕೈಗೆ ದಾಟಿಸುತ್ತೀರಿ. ಕಾಗದಕ್ಕೆ ಸ್ಪೀಕರ್ ಇಲ್ಲ. ಓದಲೇಬೇಕು, ಅದೂ ನೀವೊಬ್ಬರೇ.

ಇಲ್ಲಿ ಎಲ್ಲ ಕ್ಷೇಮ. ಶುಕ್ರವಾರ ವರಮಹಾಲಕ್ಷ್ಮಿ, ಮನೆ ಮುಂದಿನ ನಮ್ಮ ಅಂಗಡಿಯಲ್ಲಿ ಉಸಿರಾಡಲು ಜಾಗವಿಲ್ಲ. ಮಲ್ಲೇಶ್ವರದ ಹೆಂಗಸರೆಲ್ಲ ಒಂದೊಂದು ಸೀರೆ ಹಿಡಿದುಕೊಂಡು ಬಂದು ‘ಇದಕ್ಕೆ ಮ್ಯಾಚಿಂಗ್ ಕೊಡಿ ಮಾಧವಿಯವರೇ, ಇದೇ ಗಿಳಿಹಸಿರು ಬೇಕು’ ಎನ್ನುತ್ತಾರೆ. ಸೀರೆ ನೋಡಿದರೆ ಗಿಳಿಯೂ ಇಲ್ಲ, ಹಸಿರೂ ಇಲ್ಲ. ಬಾಗಿಲಲ್ಲಿ ಹೂ ಮಾರುವ ಮುನಿಯಕ್ಕ ದಿನಕ್ಕೊಮ್ಮೆ ನಿಮ್ಮ ಬಗ್ಗೆ ಕೇಳುತ್ತಾಳೆ. ‘ಯಜಮಾನ್ರು ಬರಾಕಿಲ್ವಾ ಮಾಧವಮ್ಮ? ಅಲ್ಲೇ ಉಳ್ಕಂಡ್ಬಿಟ್ರಾ?’ ಎಂದು ನಾಲ್ಕು ಜನ ಗಿರಾಕಿಗಳ ಎದುರಿಗೇ. ನಮ್ಮ ಅಂಗಡಿಯಿಂದ ಕಾಣೆಯಾದ ನೀಲಿ ಸ್ಟೂಲಿನ ವಿಷಯದಲ್ಲಿ ಅವಳ ಮೇಲೆ ನಾನು ಹೂಡಿದ್ದ ಕೇಸು ಏನಾಯಿತು ಎನ್ನುವುದನ್ನು ಮುಂದೆ ಹೇಳುತ್ತೇನೆ.

ಈಗ ವಿಷಯಕ್ಕೆ ಬರುತ್ತೇನೆ. ಹೋದ ತಿಂಗಳು ನೀವು ಫೋನಿನಲ್ಲಿ ಒಂದು ಮಾತು ಅಂದಿರಿ: ‘ಮಾಧವಿ, ಆ ರೈಲು ಯಾರಿಗಾದ್ರೂ ಮಾರ್ಬಿಡು. ಆ ರೂಮಿಗೆ ನಿನ್ನ ಲೈನಿಂಗ್ ಬಟ್ಟೆ ತುಂಬಿಸ್ಕೊ. ಇನ್ನು ನನಗೆ ಬಗ್ಗಕ್ಕಾಗಲ್ಲ.’ ಆ ರೂಮಿಗಾಗಿ ನಾನು ನಿಮ್ಮ ಜೊತೆ ಮಾಡಿದ ಜಗಳಕ್ಕೆ ಲೆಕ್ಕವಿದೆಯೇ? ನಾಲ್ಕು ಗೋಡೆಗೂ ಸುತ್ತ ಹಲಗೆ ಬಡಿದು, ಅದರ ಮೇಲೆ ಆಟದ ರೈಲಿನ ಹಳಿ, ಸುರಂಗ, ಸ್ಟೇಷನ್ನು, ಕೊನೆಗೆ ಬಾಗಿಲಿಗೂ ಅಡ್ಡ ಹಲಗೆ. ಒಳಗೆ ಹೋಗಬೇಕಾದವರು ಅದರ ಕೆಳಗೆ ನುಸುಳಬೇಕು. ‘ನನ್ನ ಮನೇಲಿ ನಾನು ಬಗ್ಗಿ ಹೋಗೋದಾ?’ ಎಂದು ನಾನು ಒಂದು ದಿನವೂ ಒಳಗೆ ಕಾಲಿಡಲಿಲ್ಲ. ಸಂಜೆಯ ಕಾಫಿಯನ್ನು ಹಲಗೆಯ ಈಚೆಯಿಂದ ಚಾಚುತ್ತಿದ್ದೆ, ನೀವು ಆಚೆಯಿಂದ ತೆಗೆದುಕೊಳ್ಳುತ್ತಿದ್ದಿರಿ. ಥೇಟ್ ರೈಲ್ವೆ ಸ್ಟೇಷನ್ನಿನ ಕಿಟಕಿ ವ್ಯಾಪಾರ. ಈಗ ಆ ರೂಮನ್ನು ನೀವೇ ತೆಗೆದು ನನ್ನ ಕೈಯಲ್ಲಿಟ್ಟಿರಿ. ನನಗೆ ಖುಷಿಯಾಗಬೇಕಿತ್ತು. ಆದರೆ ಹೊಸ್ತಿಲಲ್ಲಿ ಕೂತು ಸೀರೆಗೆ ಫಾಲ್ ಹೊಲಿಯುತ್ತಿದ್ದ ಕಾಲದಿಂದ ನಾನು ಕಂಡುಕೊಂಡದ್ದು ಒಂದಿದೆ: ಚೌಕಾಸಿ ಮಾಡದೆ ಹೇಳಿದ ಬೆಲೆಗೆ ಒಪ್ಪಿಕೊಂಡು ಹೋಗುವ ಗಿರಾಕಿ ಮತ್ತೆ ಆ ಅಂಗಡಿಗೆ ಬರುವುದಿಲ್ಲ. ನೀವು ಹಾಗೆ ಒಪ್ಪಿಬಿಟ್ಟಿರಿ. ಅವತ್ತು ಫೋನ್ ಇಟ್ಟ ಮೇಲೆ ಗಲ್ಲಾ ಮುಂದೆ ಕೂತಿದ್ದೆ. ಗಿರಾಕಿಯೊಬ್ಬಳು ಎರಡು ಸಲ ಕರೆದಳಂತೆ, ನನಗೆ ಕೇಳಿಸಲೇ ಇಲ್ಲ.

ನೀವು ಹೇಳಿದ ಮೇಲೆ ಪ್ರಯತ್ನ ಪಡದೆ ಇರಲಿಲ್ಲ. ಶೇಷಾದ್ರಿಪುರಂನಿಂದ ಸ್ವರೂಪ್ ಎನ್ನುವ ಹುಡುಗ ಬಂದ. ಹುಡುಗ ಎಂದರೆ ತಲೆ ಬೆಳ್ಳಗಾಗುತ್ತಿರುವ ಹುಡುಗ, ಮನೆಯ ಟೆರೇಸಿನಲ್ಲಿ ಅವನಿಗೂ ಇದೇ ರೈಲಿನ ಕಾಯಿಲೆ. ಹಲಗೆಯ ಕೆಳಗೆ ನುಸುಳಿ ಹೋದವನು ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ. ಬಂದವನು ಸೊಂಟದ ಮೇಲೆ ಕೈ ಇಟ್ಟುಕೊಂಡು, ‘ಆಂಟಿ, ಸುರಂಗದ ಕಲ್ಲು ಒಂದೊಂದೂ ಕೈಯಲ್ಲಿ ಕೆತ್ತಿದಾರೆ ಅಂಕಲ್. ಇದನ್ನ ಮಾರ್ತೀರಾ?’ ಅಂದ. ಗಿರಾಕಿ ಹೀಗೆ ಕರಗಿ ನಿಂತಾಗ ಏನು ಮಾಡಬೇಕು ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಷ್ಟರಲ್ಲಿ ಅವನೇ, ‘ಬಾಗಿಲ ಹತ್ರ ಮಾತ್ರ ಒಂದು ಎತ್ತೋ ಸೇತುವೆ ಇಟ್ಟಿದ್ರೆ ಬಗ್ಗೋ ತಾಪತ್ರಯಾನೇ ಇರ್ತಿರ್ಲಿಲ್ಲ. ಈ ತುಂಡು ಕತ್ತರಿಸಿ ಒಂದು ಕಡೆ ಕೀಲು ಹಾಕಿದ್ರೆ ಆಯ್ತು, ಎತ್ತೋದು, ನಡ್ಕೊಂಡು ಒಳಗೆ ಹೋಗೋದು’ ಅಂದ. ನಾನು, ‘ಇದು ಮಾರಾಟಕ್ಕಿಲ್ಲಪ್ಪ’ ಅಂದೆ. ‘ಮತ್ತೆ ನನ್ನನ್ಯಾಕೆ ಕರೆಸಿದ್ರಿ ಆಂಟಿ?’ ಎಂದು ಪಾಪ ಬೆಪ್ಪಾದ. ಅವನ ಹೆಂಡತಿಗೆ ಒಂದು ಬ್ಲೌಸ್ ಪೀಸ್ ಕೊಟ್ಟು ಕಳಿಸಿದೆ. ಬಂದ ಗಿರಾಕಿಯನ್ನು ನಾನಾಗಿಯೇ ವಾಪಸು ಕಳಿಸಿದ್ದು, ಮೇಲೆ ಕೈಯಿಂದ ಬೇರೆ ಕೊಟ್ಟಿದ್ದು, ಈ ಅಂಗಡಿಯ ಚರಿತ್ರೆಯಲ್ಲೇ ಇಲ್ಲ.

ಸೇತುವೆ ಎಂದರೆ ಏನು ಮಹಾ ಎಂದುಕೊಂಡೆ. ನಮ್ಮ ಗಲ್ಲಾ ಪಕ್ಕದಲ್ಲಿ ಎತ್ತುವ ಹಲಗೆ ಇದೆಯಲ್ಲ, ಅದನ್ನು ದಿನಕ್ಕೆ ಎಷ್ಟು ಸಲ ಎತ್ತಿ ಇಳಿಸುತ್ತೇನೆ! ಅದರ ಅಣ್ಣನೋ ತಮ್ಮನೋ ಇದು. ಶ್ರೀರಾಂಪುರದ ಬಡಗಿ ಆಂಜಿನಯ್ಯನನ್ನು ಕರೆಸಿದೆ. ‘ಬಾಗ್ಲು ಮಾಡಿದೀನಿ, ಕಿಟಕಿ ಮಾಡಿದೀನಿ, ದೇವ್ರ ಮಂಟಪ ಮಾಡಿದೀನಿ, ರೈಲು ಸೇತುವೆ ಮಾತ್ರ ಬಾಕಿ ಇತ್ತು ಕಣಕ್ಕಾ’ ಎಂದು ನಗಾಡಿದ. ಒಳ್ಳೆಯ ಮರ ತರುತ್ತೇನೆ ಅಂದವನ ಜೊತೆ ವಾದ ಮಾಡಿ, ‘ಆಟದ ರೈಲಿಗೆ ತೇಗ ಬೇಕೇನಪ್ಪಾ’ ಎಂದು ಅಗ್ಗದ್ದನ್ನೇ ತರಿಸಿದೆ. ಬಾಗಿಲಿನ ಹಳೆಯ ಹಲಗೆ ಕತ್ತರಿಸಿ ತೆಗೆದ ಸಂದಿನ ಅಳತೆ ನಾನೇ ತೆಗೆದುಕೊಟ್ಟೆ, ಲೇಸು ಅಳೆಯುವ ನಮ್ಮ ಟೇಪಿನಲ್ಲಿ. ಅವನು ತನ್ನ ಕಬ್ಬಿಣದ ಟೇಪಿನಲ್ಲಿ ಅಷ್ಟಕ್ಕೇ ಕತ್ತರಿಸಿ ತಂದ. ಇಟ್ಟು ನೋಡಿದರೆ ಬೆರಳು ತೂರುವಷ್ಟು ಮೋಟು! ಎರಡು ಟೇಪನ್ನೂ ಪಕ್ಕದಲ್ಲಿಟ್ಟು ನೋಡಿದ ಮೇಲೆ ಗೊತ್ತಾಯಿತು, ನಮ್ಮದು ಎಳೆದೆಳೆದು ಉದ್ದವಾಗಿಬಿಟ್ಟಿದೆ. ಇಷ್ಟು ವರ್ಷ ಈ ಊರಿನ ಹೆಂಗಸರಿಗೆಲ್ಲ ನಾನು ಲೇಸನ್ನು ಕೊಸರು ಕೊಟ್ಟಿದ್ದೇನೆ, ಒಬ್ಬಳಾದರೂ ಬಾಯಿಬಿಟ್ಟಿಲ್ಲ ನೋಡಿ.

ಎರಡನೆಯ ಹಲಗೆ ಅಳತೆಗೆ ಸರಿಯಾಗಿ ಕೂತಿತು. ಮೇಲೆ ಹಳಿ ಅಂಟಿಸಿ, ಗಲ್ಲಾ ಹಲಗೆಗೆ ಇರುವ ಹಾಗೆಯೇ ಕೀಲು ಹಾಕಿಸಿ, ಎತ್ತಿದೆ. ಕಟಕ್ ಅಂತು. ಕೀಲಿನ ಕಡೆ ಹಳಿಯ ತುದಿಗಳು ಒಂದಕ್ಕೊಂದು ಕೊಂಬು ಕೊಟ್ಟುಕೊಂಡು ಸೊಟ್ಟಗಾದವು. ನೆಟ್ಟಗೆ ಮಾಡಿ ಮತ್ತೆ ಎತ್ತಿದೆ, ಮತ್ತೆ ಕಟಕ್. ಆಂಜಿನಯ್ಯ ತಲೆ ಕೆರೆದುಕೊಂಡು, ‘ಇದು ನಮ್ಮ ಜಾಯಮಾನದ ಕೆಲಸ ಅಲ್ಲಕ್ಕಾ, ಯಜಮಾನ್ರು ಬರಲಿ ಬಿಡಿ’ ಎಂದು ಹೊರಟುಹೋದ. ಯಜಮಾನರು ಬರಲಿ ಎಂದೇ ಇದನ್ನು ಮಾಡಿಸುತ್ತಿರುವುದು ಎಂದು ಅವನಿಗೆ ಹೇಗೆ ಹೇಳಲಿ? ಅವತ್ತು ಅಂಗಡಿಯಲ್ಲಿ ಒಂದು ತುಂಡು ಹಳಿಯನ್ನು ಗಲ್ಲಾ ಹಲಗೆಯ ಮೇಲೂ ಇನ್ನೊಂದನ್ನು ಪಕ್ಕದ ಕಟ್ಟೆಯ ಮೇಲೂ ಇಟ್ಟುಕೊಂಡು ಎತ್ತಿದ್ದು, ಇಳಿಸಿದ್ದು, ಅದೇ ಕೆಲಸ. ಗಿರಾಕಿಗಳು ನನಗೇನೋ ಆಗಿದೆ ಎಂದುಕೊಂಡಿರಬೇಕು. ಕೊನೆಗೆ ತಲೆಗೆ ಹೋಯಿತು. ಬರೀ ಹಲಗೆಯಾದರೆ ಕೀಲು ಹಲಗೆಯ ಮಟ್ಟದಲ್ಲಿದ್ದರೆ ಸಾಕು. ಮೇಲೆ ಹಳಿ ಕೂತಿದ್ದರೆ ಕೀಲು ಹಳಿಗಿಂತ ಎತ್ತರದಲ್ಲಿರಬೇಕು, ಆಗ ತುದಿಗಳು ಜಗಳವಾಡದೆ ಬಿಡಿಸಿಕೊಳ್ಳುತ್ತವೆ. ಆಂಜಿನಯ್ಯನನ್ನೇ ಮತ್ತೆ ಕರೆಸಿ, ಹಳಿಯ ಎರಡೂ ಪಕ್ಕ ಮರದ ತುಂಡು ಇಡಿಸಿ ಕೀಲನ್ನು ಅದರ ಮೇಲೆ ಏರಿಸಿದೆ. ಸೇತುವೆ ಹಗುರವಾಗಿ ಎದ್ದಿತು. ನಾನು ನೆಟ್ಟಗೆ, ತಲೆ ಎತ್ತಿಕೊಂಡು, ಆ ರೂಮಿನೊಳಗೆ ನಡೆದು ಹೋದೆ.

ಅದಕ್ಕೆ ಮೊದಲು ಒಳಗೆ ಹೋದದ್ದು ಒಂದೇ ಸಲ, ನೀವು ಬಿದ್ದ ದಿನ. ನೀವು ಕೂಗಲೂ ಇಲ್ಲ. ಕಾಫಿ ಲೋಟ ಚಾಚಿ ನಿಂತಿದ್ದೆ, ಆಚೆಯಿಂದ ಕೈ ಬರಲಿಲ್ಲ. ಹೇಗೆ ನುಸುಳಿದೆನೋ ನೆನಪಿಲ್ಲ. ಆ ಗಾಬರಿಯಲ್ಲಿ ನಿಮ್ಮ ಮುಖ ಬಿಟ್ಟು ಬೇರೇನೂ ಕಂಡಿರಲಿಲ್ಲ. ಈಗ ಪುರುಸೊತ್ತಾಗಿ ನೋಡಿದರೆ, ನಟ್ಟನಡುವೆ ನಿಮ್ಮ ಕುರ್ಚಿ, ಅದರ ಪಕ್ಕದಲ್ಲಿ ನಮ್ಮ ಅಂಗಡಿಯ ನೀಲಿ ಸ್ಟೂಲು. ಮುನಿಯಕ್ಕ ಹೊತ್ತುಕೊಂಡು ಹೋದಳು ಎಂದು ನಾನು ಬೀದಿಗೆಲ್ಲ ಸಾರಿದ್ದ ಅದೇ ಸ್ಟೂಲು. ಮೇಲೆ ಒಂದು ಮೆತ್ತೆ, ಮೆತ್ತೆಗೆ ಗವಸು. ಯಾರೂ ಕೂತ ಗುರುತೇ ಇಲ್ಲ. ಆ ರೂಮಿಗೆ ಬೇರೆ ಯಾರು ಬರುತ್ತಿದ್ದರು? ಯಾರಿಗೆ ಎಂದು ನಾನು ಕೇಳುವುದಿಲ್ಲ, ನೀವೂ ಹೇಳಬೇಡಿ. ಮುನಿಯಕ್ಕನಿಗೆ ಏನು ಹೇಳಬೇಕೋ ಅದು ಮಾತ್ರ ನನಗೆ ತೋಚುತ್ತಿಲ್ಲ.

ಆಮೇಲೆ ರೈಲು ಬಿಟ್ಟೆ. ನಿಮ್ಮ ನೀಲಿ ಎಂಜಿನ್ನನ್ನು ಮುಟ್ಟಲಿಲ್ಲ, ಹಳೆಯ ಗೂಡ್ಸಿನದನ್ನು ಹಚ್ಚಿದೆ. ಅದು ಸುರಂಗ ದಾಟಿ ಬಾಗಿಲ ಕಡೆಗೆ ತಿರುಗಿತು. ಸೇತುವೆಯ ಕೆಳಗೆ ಸೆರಗು ಹರಡಿ ಹಿಡಿದು ನಿಂತೆ, ಬಿದ್ದರೆ ಇದರೊಳಗೇ ಬೀಳಲಿ ಎಂದು. ಯಾವ ಸಪ್ಲೈಯರ್ ಮುಂದೆಯೂ, ಯಾವ ಬ್ಯಾಂಕಿನವನ ಮುಂದೆಯೂ ಸೆರಗೊಡ್ಡದವಳು ನಿಮ್ಮ ಆಟದ ರೈಲಿನ ಮುಂದೆ ಒಡ್ಡಿದೆ. ಅದು ಟಕ್ ಟಕ್ ಎಂದು ಎರಡು ಸಲ ಸದ್ದು ಮಾಡಿ ದಾಟಿಕೊಂಡು ಹೋಯಿತು. ಯಾರಿಗೆ ತೋರಿಸಲಿ? ತಿರುಗಿ ನೋಡಿದರೆ ಕುರ್ಚಿ ಖಾಲಿ.

ವಾಕರಿನ ಅಗಲ ಕೋಕಿಲಾಳನ್ನು ಕೇಳಿ ತಿಳಿದುಕೊಂಡಿದ್ದೇನೆ, ಬಾಗಿಲನ್ನು ಈ ಸಲ ಕಬ್ಬಿಣದ ಟೇಪಿನಲ್ಲೇ ಅಳೆದಿದ್ದೇನೆ. ಸೇತುವೆ ಎತ್ತಿದರೆ ಧಾರಾಳವಾಗಿ ಹಿಡಿಸುತ್ತದೆ. ನಾನು ಬಲವಂತ ಮಾಡುವವಳಲ್ಲ. ಅಲ್ಲಿ ಆರೈಕೆ ಚೆನ್ನಾಗಿದೆ, ಇಲ್ಲಿ ನಾನು ದಿನವಿಡೀ ಅಂಗಡಿಯಲ್ಲಿ. ಇನ್ನೂ ಇರಬೇಕು ಎನಿಸಿದರೆ ಇರಿ. ಲೈನಿಂಗ್ ಬಟ್ಟೆಗೆ ಬೇರೆ ಜಾಗ ನೋಡಿಕೊಂಡಿದ್ದೇನೆ, ಅಷ್ಟು ತಿಳಿದಿರಲಿ ಎಂದು ಬರೆದೆ.

ಕೋಕಿಲಾಗೆ, ಮನೆಯವರಿಗೆಲ್ಲ ನೆನಪು ಹೇಳಿ. ಹಬ್ಬಕ್ಕೆ ಅವಳಿಗೆಂದು ತೆಗೆದಿಟ್ಟ ಬ್ಲೌಸ್ ಪೀಸ್ ಇಲ್ಲೇ ಇದೆ, ಬಂದು ತೆಗೆದುಕೊಂಡು ಹೋಗಲಿ. ಬರುವಾಗ ಜೊತೆಗೆ ಯಾರನ್ನು ಕರೆತಂದರೂ ನನ್ನ ಅಭ್ಯಂತರವಿಲ್ಲ. ವೇಳೆಗೆ ಸರಿಯಾಗಿ ಮಾತ್ರೆ ತೆಗೆದುಕೊಳ್ಳಿ. ದೇವರು ನಿಮ್ಮ ಕಾಲಿಗೆ ಬಲ ಕೊಡಲಿ, ಬಾಯಿಗೂ ಒಂದಿಷ್ಟು ಕೊಡಲಿ.

ನಿಮ್ಮ
ಮಾಧವಿ

ತಾ.ಕ.: ರೀ, ಮೇಲೆ ಬರೆದದ್ದರಲ್ಲಿ ಒಂದು ವಿಷಯ ಬಿಟ್ಟಿದ್ದೇನೆ. ಹಬ್ಬದ ಮುಂಚಿನ ಭಾನುವಾರ ಅಂಗಡಿ ಮುಚ್ಚಿಕೊಂಡು, ಈ ನೀಲಿ ಸ್ಟೂಲಿನ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಬೆಳಿಗ್ಗೆ ಒಳಗೆ ಬಂದು ಸೇತುವೆ ಇಳಿಸಿದೆ, ಬಿಗಿಯಾಗಿಯೇ ಇಳಿಯಿತು. ಈಗ ಎದ್ದೇಳುತ್ತಿಲ್ಲ. ವಾರವೆಲ್ಲ ಮಳೆ, ಚೌಕಾಸಿ ಮಾಡಿ ತರಿಸಿದ ಅಗ್ಗದ ಮರ, ಉಬ್ಬಿ ಕೂತುಬಿಟ್ಟಿದೆ. ತಳ್ಳಿದೆ, ಗುದ್ದಿದೆ, ಬೈದೆ. ಫೋನ್ ಗಲ್ಲಾದಲ್ಲಿದೆ. ಕೂಗಿದರೆ ಮುನಿಯಕ್ಕನಿಗೆ ಕೇಳಿಸುತ್ತದೆ, ಆದರೆ ಅವಳು ಬಂದರೆ ಸ್ಟೂಲು ಕಾಣುತ್ತದೆ. ಟೇಪು ಆಯಿತು, ಕೀಲು ಆಯಿತು, ಈಗ ಇದು. ನನ್ನ ಕೈಲಿ ಆಗುತ್ತಿಲ್ಲ. ಈ ಮಾತನ್ನು ನಾನು ಯಾರಿಗೂ ಹೇಳಿದವಳಲ್ಲ, ನಿಮಗೆ ಹೇಳುತ್ತಿದ್ದೇನೆ. ಮರವನ್ನು ಎಲ್ಲಿ ಉಜ್ಜಬೇಕು ಎನ್ನುವುದನ್ನು ನೀವು ಬಂದು, ಬಾಗಿಲಲ್ಲಿ ನಿಂತು, ಬೆರಳು ತೋರಿಸಿದರೆ ಸಾಕು. ಶುಕ್ರವಾರದೊಳಗೆ ಬನ್ನಿ. ಈ ಕಾಗದ ನಾಳೆ ಬೆಳಗಿನ ಅಂಚೆಗೆ ಸಿಗಬೇಕಾದರೆ ಇವತ್ತೇ ಡಬ್ಬಿಗೆ ಬೀಳಬೇಕು. ಅದಕ್ಕೆ ನಾನು ಇಲ್ಲಿಂದ ಹೊರಗೆ ಹೋಗಬೇಕು. ಬೇರೆ ದಾರಿಯಿಲ್ಲ, ಸೆರಗು ಸಿಕ್ಕಿಸಿಕೊಂಡಿದ್ದೇನೆ, ಬಗ್ಗುತ್ತಿದ್ದೇನೆ.