ಸತ್ತವಳ ನಗು

ಸಾಲಿಗ್ರಾಮಂ, ಚೆನ್ನೈ
ಮಾರ್ಗಳಿಯ ಮೊದಲ ಶುಕ್ರವಾರ

ನನ್ನ ಮುದ್ದಿನ ತೇನಕ್ಕಾ,

ಮುಂದಿನ ತಿಂಗಳು, ತೈಯಲ್ಲೇ ನಿನ್ನ ಮದುವೆ ಎಂದು ಓದಿ ಕುಣಿದೆ. ನಿನ್ನ ಪತ್ರದ ಕೊನೆಗೆ ಬಂದಾಗ ಕೂತುಬಿಟ್ಟೆ. 'ನಿಮ್ಮ ಸಿನಿಮಾದ ಹಾಡು ನೋಡಿದೆ ಕಣೇ. ಹೀರೋ ಮನಸ್ಸಿನ ಕಾಯಿಲೆಯ ಮಾತ್ರೆಗಳನ್ನು ಸಮುದ್ರಕ್ಕೆ ಎಸೆಯುವಾಗ ಕಣ್ಣು ತುಂಬಿತು. ಕದಿರೇಸನ್ ಸಿಕ್ಕ ಮೇಲೆ ನನಗೂ ಮಾತ್ರೆ ಯಾಕೆ? ಬಿಟ್ಟುಬಿಡ್ತೀನಿ' ಎಂದು ಬರೆದಿದ್ದೀಯ.

ಬಿಡಬೇಡ ಅಕ್ಕಾ. ಆ ಚಿತ್ರಕ್ಕೆ ಸಹಾಯಕ ನಿರ್ದೇಶಕಿಯಾಗಿ ದುಡಿದವಳು ಹೇಳುತ್ತಿದ್ದೇನೆ. ಹಾಡಿನ ಆಚೆ ಏನಿದೆ, ಕೇಳು.

ಬಸ್ಸಿನಲ್ಲಿ ಒಮ್ಮೆ ಚಿಲ್ಲರೆ ಕೊಟ್ಟಳೆಂದು ಆ ಹೀರೋ ಒಬ್ಬ ಹುಡುಗಿಯ ಬೆನ್ನು ಹತ್ತುತ್ತಾನೆ. ಹಾಸ್ಟೆಲಿನ ಎದುರು ಕೈ ಕುಯ್ದುಕೊಳ್ಳುತ್ತಾನೆ. ಅವಳು ಒಲ್ಲೆ ಎಂದಾಗ ಕೊಲ್ಲುತ್ತಾನೆ. ಯಾಕೆ ಕೊಂದ? ಹುಚ್ಚ. ಯಾಕೆ ಹುಚ್ಚ? ಪ್ರೇಮಿ. ಇಷ್ಟೇ ಕಥೆ.

ಕೊಲೆಯ ದೃಶ್ಯಕ್ಕೆ ಮೊದಲು ನಿರ್ದೇಶಕರು, "ನಿಜವಾದ ಹುಚ್ಚರನ್ನ ಹತ್ರದಿಂದ ನೋಡಿದೋರು ಯಾರಾದ್ರೂ ಇದೀರೇನ್ರೋ? ಏನಮ್ಮಾ ಎಂ.ಎ., ನೀನು?" ಎಂದು ನನ್ನ ಡಿಗ್ರಿ ಹಿಡಿದು ಕೂಗಿದರು. ಎಲ್ಲರೂ ನಕ್ಕರು. ನಾನು ಕ್ಲ್ಯಾಪ್ ಹಲಗೆಯನ್ನು ಎದೆಗೊತ್ತಿಕೊಂಡು ನಿಂತೆ. ನೀನು ಕಾಯಿಲೆ ಬಿದ್ದ ಆ ಬೇಸಿಗೆ ನೆನಪಾಯಿತು. ಅಮ್ಮ ತಲೆ ಬಾಚಲು ಬಂದರೂ ಗೋಡೆ ಕಡೆಯಿಂದ ತಿರುಗುತ್ತಿರಲಿಲ್ಲ ನೀನು. ನೀರಿನ ಲೋಟವನ್ನೇ ಎತ್ತಲಾಗದ ಕೈ ಚಾಕು ಎತ್ತೀತೇ?

ಇನ್ನೂ ಹೇಸಿಗೆಯದು ಇದೆ. ಇಲ್ಲಿ ಸಾವಿನ ದೃಶ್ಯ ತೆಗೆದ ಮೇಲೆ ಸತ್ತ ಪಾತ್ರದವರು ಕ್ಯಾಮೆರಾ ನೋಡಿ ಒಮ್ಮೆ ನಗಬೇಕು, ಅಪಶಕುನ ಕಳೆಯಲೆಂದು. ನಾಯಕಿ ಯಾಳಿನಿಯೂ ಮುಖಕ್ಕೆ ಬಳಿದ ರಕ್ತದ ನಡುವೆ ನಕ್ಕಳು. "ಆಯ್ತಲ್ಲ ಸಾರ್? ಬಿಸಿಬಿಸಿ ಟೀ ಕೊಡ್ಸಿ, ಬೆಳಿಗ್ಗೆಯಿಂದ ಸತ್ತು ಸತ್ತು ಸಾಕಾಯ್ತು" ಎಂದಳು.

ಆ ನಗುವನ್ನು ಚಿತ್ರದ ಕೊನೆಗೆ ಅಂಟಿಸಿದ್ದಾರೆ, ಅಕ್ಕಾ! ಕೊಂದವನನ್ನು ನೋಡಿ ಹೆಣ ನಗುತ್ತದೆ. "ಕ್ಷಮಿಸಿಬಿಟ್ಟಳು ನೋಡ್ರೋ! ಹೆಂಗಸರೇ ಕಣ್ಣೀರು ಹಾಕ್ತಾರೆ" ಎಂದು ನಿರ್ದೇಶಕರು ತೊಡೆ ತಟ್ಟಿಕೊಂಡರು. ಡಬ್ಬಿಂಗ್‌ಗೆ ಬಂದ ಯಾಳಿನಿ ಅದನ್ನು ನೋಡಿ ಬಿಳುಚಿಕೊಂಡಳು. "ನಾನು ನಕ್ಕಿದ್ದು ಟೀ ಬರುತ್ತೆ ಅಂತ ಕಣೇ, ಈ ನಾಯಿಗಲ್ಲ" ಎಂದು ನನ್ನ ಕಿವಿಯಲ್ಲಿ ಹೇಳಿದಳು. ಆ ನಗುವನ್ನು ತೆಗೆಯಿರಿ ಎಂದು ಅವಳು ನಿರ್ದೇಶಕರನ್ನು ಕೇಳಿದ್ದಕ್ಕೆ, "ನಿಂಗ್ಯಾಕಮ್ಮಾ ಅದೆಲ್ಲಾ, ಸಂಬಳ ಬಂತಲ್ಲ" ಎಂಬ ಉತ್ತರ ಸಿಕ್ಕಿತಂತೆ. ಚಿತ್ರದ ಹೆಸರುಗಳ ಪಟ್ಟಿಯಿಂದ ನನ್ನ ಹೆಸರು ತೆಗೆಸಿದ್ದೇನೆ.

ನೀನು ಮಾತ್ರೆಯ ವಿಷಯ ಹೇಳಿದಾಗ ಕದಿರೇಸನ್ ಭಾವ, "ಅದಕ್ಕೇನೀಗ? ನಾನು ಸಕ್ಕರೆ ಕಾಯಿಲೆಗೆ ನುಂಗ್ತೀನಲ್ಲ" ಎಂದರೆಂದು ನೀನೇ ಹೇಳಿದ್ದೆ. ಪ್ರೀತಿ ಅಂದರೆ ಅದು. ಆ ಮಾತಿಗೆ ಹಾಡು ಕಟ್ಟುವವರು ಯಾರೂ ಇಲ್ಲ. ಡಾಕ್ಟರು ಹೇಳುವ ತನಕ ಮಾತ್ರೆ ಬಿಡಬೇಡ.

ನಿನ್ನ
ಕುಯಿಲಿ

ಮರೆತದ್ದಲ್ಲ, ಮುಚ್ಚಿಟ್ಟದ್ದು: ನಿರ್ದೇಶಕರು ಆ ಪ್ರಶ್ನೆ ಕೇಳಿದಾಗ ನನ್ನ ಚೀಲದಲ್ಲೂ ನಿನ್ನಂಥವೇ ಮಾತ್ರೆಗಳಿದ್ದವು. ಆಡಿಯಿಂದ, ಐದು ತಿಂಗಳಾಯಿತು, ನುಂಗುತ್ತಿದ್ದೇನೆ, ಅಮ್ಮನಿಗೂ ಹೇಳಿಲ್ಲ. ನಿನ್ನ ಮದುವೆ ಊಟದ ಪಂಕ್ತಿಯಲ್ಲಿ ಎಲ್ಲರೆದುರೇ ನುಂಗುತ್ತೇನೆ. ನಿನ್ನ ಮಾತ್ರೆಗೆ ನೀರು ಕೇಳುವಾಗ ಎರಡು ಲೋಟ ಕೇಳು.