ಗುರುಪಾದ, ಗುರುವಾದ

ಜೂನ್ 3, ಮಂಗಳವಾರ
ಬೆಳಿಗ್ಗೆಯಿಂದ ಪ್ರಿಂಟಿಂಗ್ ಅಂಗಡಿಯ ಕಂಪ್ಯೂಟರಿನಲ್ಲಿ ನಾಲ್ಕು ಲಗ್ನಪತ್ರಿಕೆ ಟೈಪ್ ಮಾಡಿದೆ. ಮ್ಯಾಗ್ನಿಫೈಯರ್ ಹಾಕಿದರೆ ಅಕ್ಷರ ದೊಡ್ಡದಾಗುತ್ತದೆ, ಆದರೆ ಮೌಸ್ ಸರಿಸಿದರೆ ತಡೆದು ತಡೆದು ಬರುತ್ತದೆ. ಲಿನಕ್ಸ್‌ನಲ್ಲಿ ಸ್ಕ್ರೀನ್ ನಡೆಸುವ ಪ್ರೋಗ್ರಾಂ, ಗ್ರಾಫಿಕ್ಸ್ ಡ್ರೈವರ್, ಹಳೆಯದು. ಅದಕ್ಕೇ ಹೀಗೆ. ಅದಕ್ಕೇ ಇರಬೇಕು...

ಜೂನ್ 5
ಎಡವಟ್ಟಾಯಿತು. ದಡ್ಡಿ ಮನೆತನದವರ ಪತ್ರಿಕೆ. ವರನ ಹೆಸರು ಗುರುಪಾದ. ಅಚ್ಚಾಗಿದ್ದು ಗುರುವಾದ. ವರನ ಕಾಕಾ ಅಣ್ಣಪ್ಪ ಮೂಡಲಗಿಯ ನಮ್ಮ ಅಂಗಡಿವರೆಗೂ ಬಂದು ಪತ್ರಿಕೆಯ ಗಂಟನ್ನು ಕೌಂಟರ್ ಮೇಲೆ ಒಗೆದ.
"ನಮ್ಮ ಹುಡುಗ ಇನ್ನೂ ಗುರು ಆಗಿಲ್ರಿ! ಮೊದ್ಲು ಲಗ್ನ ಆಗ್ಲಿ!"
ಅಂಗಡಿಯ ಮಾಲೀಕ ಇಮಾಮಹುಸೇನ ಕಾಕಾ ನನ್ನನ್ನು ಬಿಟ್ಟುಕೊಡಲಿಲ್ಲ. "ಮಷಿನ್ ಹಳೇದಾಗೇತ್ರಿ. ನಮ್ಮ ದಾನವ್ವಂದ ತಪ್ಪಲ್ಲ."
ನಾಚಿಕೆಯಾಯಿತು.
ಗೋಕಾಕದ ಕಣ್ಣಿನ ಡಾಕ್ಟರ್ ಏಪ್ರಿಲ್‌ನಲ್ಲಿ ಹೇಳಿದ್ದನ್ನು ಅವ್ವನಿಗೂ ಹೇಳಿಲ್ಲ. ಎಡಗಣ್ಣು ಹೋದಂತೆಯೇ. ಬಲಗಣ್ಣೂ ಮಂಜಾಗುತ್ತಿದೆ. ಗೊತ್ತಾದರೆ ಈ ಕೆಲಸ ಯಾರು ಕೊಡುತ್ತಾರೆ? ಡೈರಿಯನ್ನೂ ಈಗ ಸ್ಕೆಚ್ ಪೆನ್ನಿನಲ್ಲೇ ಬರೆಯುವುದು.

ಜೂನ್ 8, ಭಾನುವಾರ. 10.20
ಅಂಗಡಿಗೆ ರಜೆ. ಕೀಲಿ ನನ್ನ ಹತ್ತಿರ. ಹೊಸ ಡ್ರೈವರಿನ ಸೋರ್ಸ್ ಕೋಡ್ ಇಳಿಸಿಕೊಂಡೆ. ನಮ್ಮ ಗ್ರಾಫಿಕ್ಸ್ ಕಾರ್ಡಿಗೆ ತಕ್ಕಂತೆ ಆ ಕೋಡನ್ನು ನಾವೇ ಕಂಪೈಲ್ ಮಾಡಿ ಡ್ರೈವರ್ ಕಟ್ಟಿಕೊಂಡರೆ ಸ್ಪೀಡ್ ಬರುತ್ತದಂತೆ. ಇಂಟರ್ನೆಟ್ ಫೋರಂನಲ್ಲಿ ಓದಿದ್ದು.

11.05
ಎರರ್. ಅದಕ್ಕೆ ಬೇಕಾದ ಯಾವುದೋ ಲೈಬ್ರರಿ ಫೈಲ್ ಇಲ್ಲವಂತೆ. ಹಾಕಿದೆ. ಮತ್ತೆ ಎರರ್.

1.40
ಓಡುತ್ತಿದೆ. 1604 ಫೈಲುಗಳಲ್ಲಿ 912 ಮುಗಿದಿವೆ. ಓದಲು ಹೋಗಿ ಮೂಗು ಸ್ಕ್ರೀನಿಗೆ ತಾಗಿತು.

3.30
ಮುಗಿಯಿತು. ರೀಬೂಟ್ — ಕಪ್ಪು. ಸ್ಕ್ರೀನ್ ಕಪ್ಪೋ, ನನ್ನ ಕಣ್ಣೋ? ಕೈ ಮುಂದೆ ಹಿಡಿದೆ. ಬೆರಳು ಕಂಡವು. ಸ್ಕ್ರೀನೇ ಕೆಟ್ಟಿದ್ದು! ಖುಷಿಯಾಯಿತು. ಎಂಥ ಹುಚ್ಚಿ ನಾನು.

ಸಂಜೆ
ಹೇಗೋ ಹಳೆಯ ಡ್ರೈವರ್ ವಾಪಸ್ ಹಾಕಿದೆ. ನಾಳೆ ಕಾಕಾಗೆ ಗೊತ್ತಾಗದು.

ಜೂನ್ 15, ಭಾನುವಾರ. 12.00
ತಪ್ಪು ಸಿಕ್ಕಿತು. ಕಾರ್ಡಿನ ನಂಬರ್ 600. ನಾನು ಓದಿ ಹಾಕಿದ್ದು 300. ಮತ್ತೆ ಮೊದಲಿನಿಂದ ಕಂಪೈಲ್.

4.10
ಬಂತು! ಮ್ಯಾಗ್ನಿಫೈಯರ್ ಎಲ್ಲೂ ತಡೆಯುವುದಿಲ್ಲ. ಕೈ ಹೋದ ಕಡೆ ಅಕ್ಷರವೂ ಹೋಗುತ್ತದೆ. ದಡ್ಡಿಯವರ ಪತ್ರಿಕೆಯನ್ನೇ ತೆರೆದೆ. ವರನ ಹೆಸರನ್ನು ಎಂಟು ಪಟ್ಟು ದೊಡ್ಡದು ಮಾಡಿದೆ. ಗುರು... ಮುಂದೆ ಮಂಜು. ತಲೆ ಓರೆ ಮಾಡಿ ನೋಡಿದೆ. ಪ? ವ?
ಗೊತ್ತಾಗಲಿಲ್ಲ.

4.40
ಕಾಕಾ ಬಂದಿದ್ದರು. ಹಿಂದೆ ನಿಂತು ನೋಡಿ ಬಹಳ ಖುಷಿಪಟ್ಟರು.
"ಏನ ದಾನವ್ವ, ಮಷಿನ್ ಹೊಸಾದರಂಗ ಓಡಾಕತ್ತೈತಲ್ಲ! ಈಗರ ಛಲೋ ಕಾಣತೈತೇನವಾ?"
ತಪ್ಪನ್ನು ಮಷಿನ್ ಮೇಲೆ ಹಾಕಲು ಇನ್ನು ಯಾವ ನೆಪವೂ ಉಳಿದಿರಲಿಲ್ಲ. ಕುರ್ಚಿ ಎಳೆದುಕೊಟ್ಟೆ.
"ಕುಂದರ್ರಿ ಕಾಕಾ. ಮಷಿನ್ ಸರಿ ಆಗೇತ್ರಿ. ನನಗ... ನನಗ ಕಣ್ಣ ಕಾಣವಲ್ದರಿ."