ಅಲರ್ಜಿ ಕಾಲಂನ ಖಾಲಿ ಜಾಗ

ಮಂಗಳವಾರ, ಮಾರ್ಚ್ ೧೨

ಹಿರಿಯ ನರ್ಸಮ್ಮ ಕೇಳಿದ ಪ್ರಶ್ನೆ ಇನ್ನೂ ತಲೆ ತಿನ್ನುತ್ತಿದೆ.

ಆಸ್ಪತ್ರೆಯ ವೆಬ್‌ಸೈಟಿಗೆ ಇವತ್ತು ಹೊಸ ಟೆಂಪ್ಲೇಟ್ ಎಂಜಿನ್ ಹಾಕಿದೆ. ರೋಗಿಯ ವಿವರಗಳನ್ನು ಅಚ್ಚಿಗೆ ತುಂಬಿ ಎಚ್‌ಟಿಎಂಎಲ್ ಪುಟ ಮಾಡಿಕೊಡುವುದು ಅದರ ಕೆಲಸ. ಹಳೆಯದು ಒಂದೊಂದು ಪುಟಕ್ಕೂ ಮೂರು ಸೆಕೆಂಡ್ ಒದ್ದಾಡುತ್ತಿತ್ತು. ಇದು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಸುತ್ತದೆ. ಉಬ್ಬಿಹೋಗಿ ವಾರ್ಡಿಗೆ ತೋರಿಸಲು ಹೋದೆ. ನರ್ಸಮ್ಮ ಕನ್ನಡಕ ಏರಿಸಿಕೊಂಡು ಪರದೆಯ ಮೇಲೆ ಬೆರಳಿಟ್ಟರು.

"ಅಲರ್ಜಿ ಅಂತಿದೆ, ಮುಂದೆ ಏನೂ ಇಲ್ವಲ್ಲಪ್ಪ. ಅಲರ್ಜಿ ಇಲ್ಲ ಅಂತಾನಾ, ಯಾರೂ ಕೇಳೇ ಇಲ್ಲ ಅಂತಾನಾ? ನಾನೀಗ ಇಂಜೆಕ್ಷನ್ ಕೊಡ್ಬೇಕು."

ಎಂಜಿನ್ನಿನ ಸೆಟ್ಟಿಂಗ್ ತೆರೆದು ನೋಡಿದೆ. ಮಾಹಿತಿ ಸಿಗದ ಕಡೆ ಹಳೆಯ ಎಂಜಿನ್ "ತಿಳಿದಿಲ್ಲ" ಎಂದು ಬರೆಯುತ್ತಿತ್ತು. ಹೊಸದು ಸುಮ್ಮನೆ ದಾಟಿಹೋಗುತ್ತದೆ. ಒಂದು ಸೆಟ್ಟಿಂಗ್, ಅಷ್ಟೇ. ಮಿಲಿಸೆಕೆಂಡ್ ಎಣಿಸುವ ಭರದಲ್ಲಿ ನಾನದನ್ನು ನೋಡಿಯೇ ಇರಲಿಲ್ಲ. ಅಲ್ಲೇ ಕೂತು ಸರಿಪಡಿಸುವಷ್ಟರಲ್ಲಿ ಅವರು ರೋಗಿಯನ್ನೇ ಕೇಳಿ ಬಂದಿದ್ದರು. ಆಕೆಗೆ ಪೆನಿಸಿಲಿನ್ ಆಗಿಬರುವುದಿಲ್ಲವಂತೆ.

ಖಾಲಿ ಜಾಗ ಕಂಡರೆ ಎಲ್ಲ ಸರಿಯಿದೆ ಎಂದು ಯಾಕೆ ಅನಿಸುತ್ತದೆ? ಅದೇ ವಿಚಿತ್ರ. ದಿನವಿಡೀ ಆ ಪುಟ ನನ್ನ ಕಣ್ಣೆದುರೇ ಇತ್ತು, ಎಷ್ಟು ಚೊಕ್ಕ ಕಾಣುತ್ತಿದೆ ಎಂದುಕೊಂಡಿದ್ದೆ.

ಈಗ ಮನೆಯಲ್ಲಿ ಕೂತು, ಪರೀಕ್ಷೆಗೆಂದು ನನ್ನದೇ ಹೆಸರಿನ ಪುಟ ತೆರೆದೆ. "ತಂದೆಯ ಕಾಯಿಲೆಗಳು: ತಿಳಿದಿಲ್ಲ." ಎಂಜಿನ್ ಸರಿಯಾಗಿಯೇ ಕೆಲಸ ಮಾಡುತ್ತಿದೆ.

ಪಕ್ಕದ ಕೋಣೆಯಲ್ಲಿ ಅಪ್ಪ ಕೆಮ್ಮುತ್ತಿದ್ದಾರೆ. ತಿಂಗಳಿಂದ ಕೆಮ್ಮುತ್ತಲೇ ಇದ್ದಾರೆ. ಏನೂ ಹೇಳಲಿಲ್ಲವಲ್ಲ ಎಂದು ನಾನೂ... ಅವರ ದೀಪ ಇನ್ನೂ ಆರಿಲ್ಲ. ಹೋಗಿ ಕೇಳಿ ಬರುತ್ತೇನೆ.